ಕಿವಿ ಹಿಡಿದು ಮಲಗುವವನು

ನಮ್ಮ ಕಡೆ ಹೆಂಡತಿ ಸತ್ತವನು ಮತ್ತೆ ಮದುವೆಯಾದರೆ, ಬರುವವಳು ಸತ್ತವಳ ತವರಿಗೂ ಮಗಳಾಗುತ್ತಾಳೆ. ಆಕೆಗೆ ಉಡಿ ತುಂಬಿಸಿ, ಹಂದರದಲ್ಲಿ ಎರಡು ಒಳ್ಳೆಯ ಮಾತಾಡುವುದು ಆ ತವರಿನ ಹಿರಿಯನ ಕೆಲಸ. ನನ್ನ ಅಕ್ಕ ಮಲ್ಲಿಕಾ ಕಾಮಾಲೆಯಿಂದ ತೀರಿಕೊಂಡ ಮೇಲೆ ಭಾವ ಕನಕರಾಜನಿಗೆ ಪೋತ್ನಾಳದ ಭಾಗ್ಯಜ್ಯೋತಿ ಗೊತ್ತಾದಳು. ಹೀಗಾಗಿ ಮಲ್ಲಟದಲ್ಲಿ ಕುರಿ ಕಾಯುವ ನಮ್ಮಪ್ಪ ಹಂಪಯ್ಯ ದೇವದುರ್ಗದ ಹಂದರದಲ್ಲಿ ಮೈಕು ಹಿಡಿಯಬೇಕಾಯಿತು.

ಸತ್ತವಳ ಹೆಸರು ಎತ್ತಬಾರದು, ಕಣ್ಣೀರು ಹಾಕಬಾರದು ಎಂದು ಭಾವನ ತಾಯಿ ದುರುಗಮ್ಮ ಮೊದಲೇ ನನಗೆ ಫೋನ್ ಮಾಡಿ ಹೇಳಿದ್ದರು. ಕಟುವಾಗಿ ಹೇಳಲಿಲ್ಲ, ಹೊಸ ಹುಡುಗಿಯ ಮನಸ್ಸು ನೋಯದಿರಲಿ ಎಂದಷ್ಟೇ. ನಮಗಿದ್ದ ಭಯ ಬೇರೆ. ಅಕ್ಕನ ಮಗ ಅಮೋಘಸಿದ್ದ ನಡೆಯಲು ಕಲಿತಾಗಿನಿಂದ ನಮ್ಮವ್ವನ ಮಡಿಲಲ್ಲೇ ಬೆಳೆದಿದ್ದ. ಮದುವೆಯ ದಿನವೇ ಅವನು ತಂದೆಯ ಮನೆ ಸೇರಬೇಕಿತ್ತು. ಅಪ್ಪನ ಮಾತು ಎಡವಿದರೆ ಹುಡುಗನನ್ನು ಮತ್ತೆ ಮಲ್ಲಟಕ್ಕೆ ಕಳಿಸುತ್ತಾರೋ ಇಲ್ಲವೋ.

ನಾನು ರಾಯಚೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಯಾವುದನ್ನು ಯಾವುದರ ಜೊತೆ ಬೆರೆಸಬಾರದೆಂದು ಹೇಳಿಕೊಡುವುದು ನನಗೆ ರೂಢಿ. ಅದೇ ಎಚ್ಚರದಿಂದ ಅಪ್ಪನ ಮಾತನ್ನು ಜೋಡಿಸಿಕೊಟ್ಟೆ: ಬಂದವರಿಗೆ ಶರಣು, ಬೀಗರಿಗೆ ಎರಡು ಹೊಗಳಿಕೆ, ಜೋಡಿಗೆ ಹರಕೆ. ಹಿಂದಿನದು ಏನೂ ಬೇಡ. ಅಪ್ಪ ಕುರಿಗಳ ಹಿಂದೆ ನಡೆಯುತ್ತ ಅದನ್ನು ಬಾಯಿಪಾಠ ಮಾಡಿದ.

"ಕುರಿ ಆದ್ರ ಸುಮ್ಮ ಕೇಳ್ತಾವ," ಎಂದಳು ಅವ್ವ ತಿಮ್ಮವ್ವ. "ಮಂದಿ ಮುಂದ ನೀನ ಬ್ಯಾ ಅಂದೀ, ನೋಡು."

ಅಕ್ಕಿಕಾಳು ಬಿದ್ದ ಮೇಲೆ ಅಪ್ಪನನ್ನು ಕರೆದರು. ಎಲ್ಲರಿಗೂ ಶರಣು ಹೇಳಿದ. ಬೀಗರನ್ನು ಹೊಗಳಿದ. ಆಮೇಲೆ ನಿಂತುಬಿಟ್ಟ. ಮೈಕು ಗುಂಯ್ ಎನ್ನುತ್ತಿತ್ತು. ನಾನು ಕೆಳಗಿನಿಂದ ತುಟಿ ಅಲ್ಲಾಡಿಸಿ ಹರಕೆಯ ಮಾತು ನೆನಪಿಸಿದೆ. ಅವನು ನನ್ನತ್ತ ನೋಡುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಅವ್ವನ ತೊಡೆಯ ಮೇಲೆ ತೂಕಡಿಸುತ್ತ, ಅವಳ ಎಡಗಿವಿ ಹಿಡಿದು ಕೂತಿದ್ದ ಹುಡುಗನನ್ನು ನೋಡುತ್ತಿದ್ದ. ಆ ಕಿವಿಯಲ್ಲಿ ಬೆಂಡೋಲಿ ಇರಲಿಲ್ಲ. ತೂತು ಮುಚ್ಚದಿರಲೆಂದು ಅವ್ವ ಕಸಬರಿಗೆಯ ಕಡ್ಡಿ ಸಿಗಿಸಿಕೊಂಡಿದ್ದಳು.

ಅಪ್ಪ ಮದುಮಗಳ ಕಡೆ ತಿರುಗಿದ.

"ಭಾಗ್ಯಾ, ಯವ್ವಾ, ಈ ಹುಡುಗ ನಿದ್ದಿ ಬಂದ್ರ ಅಳಂಗಿಲ್ಲ. ಕಿವಿ ಹುಡುಕ್ತಾನ. ಎಡಗಿವಿನ ಬೇಕು. ಅದನ್ನ ಹಿಡಕೊಂಡ ಮಲಗ್ತಾನ. ಮದ್ಲಿಂದ ಹಂಗ ರೂಢಿ ಆಗ್ಯದ. ಜುಮುಕಿ ಇದ್ರ ಅವಗ ಚುಚ್ಚತದ. ನಾ ಹೇಳಾದು ಇಷ್ಟ ಅದ."

ಆ ರೂಢಿ ಯಾರ ಕಿವಿಯಿಂದ ಶುರುವಾಯಿತೆಂದು ಅವನು ಹೇಳಲಿಲ್ಲ. ಹಂದರದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ದುರುಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹರಕೆ ಹೇಳುವುದನ್ನು ಮರೆತೇ ಅಪ್ಪ ಇಳಿದು ಬಂದ.

ಎಲ್ಲ ಕೆಟ್ಟಿತು ಎಂದುಕೊಂಡೆ.

ಊಟ ಮುಗಿದ ಮೇಲೆ ಭಾಗ್ಯಜ್ಯೋತಿ ತಾನಾಗಿಯೇ ನಮ್ಮ ಬಳಿ ಬಂದು ಕೂತಳು. ಎಡಗಿವಿಯ ಜುಮುಕಿ ಬಿಚ್ಚಿ ಅತ್ತೆಯ ಕೈಗೆ ಕೊಟ್ಟು ಮಡಿಲು ಒಡ್ಡಿದಳು. ಅವ್ವ ಹುಡುಗನ ಬೆರಳುಗಳನ್ನು ತನ್ನ ಕಿವಿಯಿಂದ ಮೆಲ್ಲಗೆ ಬಿಡಿಸಿದಳು. ನಿದ್ದೆಗಣ್ಣಿನಲ್ಲೇ ಅವನು ತಡಕಾಡಿದ, ಭಾಗ್ಯಜ್ಯೋತಿಯ ಕಿವಿ ಸಿಕ್ಕಿತು, ಹಿಡಿದುಕೊಂಡ. ಕಣ್ಣು ತೆರೆದು ಯಾರೆಂದು ನೋಡಲಿಲ್ಲ. ನಮಗೆ ಬೇಕಾದದ್ದೂ ಅದೇ. ಅವ್ವ ತನ್ನ ಬರಿದಾದ ಮಡಿಲಿನ ನೆರಿಗೆಗಳನ್ನು ಸರಿಮಾಡುತ್ತಲೇ ಇದ್ದಳು.

"ಪಂಚಮಿಗೆ ತಾಯಿ ಮಗ ಇಬ್ಬರೂ ನಿಮ್ಮಲ್ಲಿಗೇ ಬರ್ತಾರ," ಎಂದರು ದುರುಗಮ್ಮ. "ಆಕಿಗೂ ಅದು ತವರಲ್ಲೇನ್ರಿ?"

ಊರಿಗೆ ಮರಳುವಾಗ ಮಾನ್ವಿಯ ಬಸ್ಸಿನಲ್ಲಿ ಅವ್ವ ಎಲೆಯಡಿಕೆಯ ಸಂಚಿ ತೆಗೆದಾಗ, ಒಳಗಿನ ಬೆಂಡೋಲಿ ಅಪ್ಪನ ಕಣ್ಣಿಗೆ ಬಿತ್ತು.

"ಇನ್ನ ಹಾಕ್ಕೋ," ಎಂದ.

ಅವ್ವ ಕಿವಿಯ ಕಡ್ಡಿಯನ್ನು ಮುಟ್ಟಿ ನೋಡಿಕೊಂಡಳು.

"ಇರ್ಲಿ ಬಿಡು. ಪಂಚಮಿಗೆ ಬರ್ತಾನಲ್ಲ."

ಹೊರಗೆ ಬೇಸಿಗೆಯ ಭತ್ತ ಇನ್ನೂ ಕೊಯ್ಲಾಗಿರಲಿಲ್ಲ; ಪಂಚಮಿ ಬರುವುದು ಮಳೆಗಾಲದಲ್ಲಿ. ಅವ್ವ ಸಂಚಿಯ ದಾರ ಎಳೆದು ಗಂಟು ಹಾಕಿದಳು.