ಒಂಬತ್ತನೆಯ ಹೆಸರು

ಸಿಂಧು ಆ ಫೈಲನ್ನು ಕಳಿಸಿದ್ದು 2010ರ ಮಾರ್ಚ್ ಇಪ್ಪತ್ತೆರಡರ ಸೋಮವಾರ. ಕಳಿಸಬಾರದಿತ್ತೆಂದು ಅವಳಿಗೆ ಗೊತ್ತಾದದ್ದು ಗುರುವಾರ ಬೆಳಿಗ್ಗೆ, ಕಲ್ಲಿನಾಥನ ಫೋನ್ ಬಂದಾಗ.

ಅವಳು ಶಿಕಾಗೋದ ಒಂದು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪಿಎಚ್.ಡಿ. ವಿದ್ಯಾರ್ಥಿನಿ. ಎಂಟನೆಯ ವರ್ಷ. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಶಿಕಾಗೋ ಪಕ್ಕದ ಓಕ್ ಬ್ರೂಕ್‌ನ ಆಫೀಸೊಂದರಲ್ಲಿದ್ದ ರವಿಶಂಕರನನ್ನು ಮದುವೆಯಾಗಿ ಬಂದವಳು. ಸಂಶೋಧನೆಗೆ ಮೊದಲು ಆರಿಸಿಕೊಂಡ ವಿಷಯ ಬೇರೆ ಏನೋ ಇತ್ತು. 2008ರ ಕೊನೆಯಲ್ಲಿ ಡೆಟ್ರಾಯಿಟ್ ಸುತ್ತಿನ ಕಾರು ಉದ್ಯಮ ಸಾವಿರಗಟ್ಟಲೆ ಜನರನ್ನು ಮನೆಗೆ ಕಳಿಸತೊಡಗಿದಾಗ ಅದನ್ನು ಬಿಟ್ಟು, ಕೆಲಸ ಕಳೆದುಕೊಂಡ ಭಾರತೀಯ ಎಂಜಿನಿಯರುಗಳ ಬಗ್ಗೆ ಬರೆಯುವುದೆಂದು ತೀರ್ಮಾನಿಸಿದಳು. ತಿಂಗಳಿಗೆ ಎರಡು ಸಲ ಸುಮಾರು ಐದು ಗಂಟೆ ಡ್ರೈವ್ ಮಾಡಿ ಡೆಟ್ರಾಯಿಟ್ ಪಕ್ಕದ ನೋವೈಗೆ ಹೋಗಿ, ಒಂದು ವರ್ಷದಲ್ಲಿ ಮೂವತ್ತೊಂದು ಜನರನ್ನು ಮಾತಾಡಿಸಿದಳು. ಎಲ್ಲರಿಗೂ ಕೊಟ್ಟ ಮಾತು ಒಂದೇ. ಹೆಸರು ಬರೆಯುವುದಿಲ್ಲ, ನಂಬರು ಮಾತ್ರ. ಸಲ್ಲಿಸುವ ಮೊದಲು ನಿಮ್ಮ ಭಾಗವನ್ನು ನಿಮಗೆ ತೋರಿಸುತ್ತೇನೆ, ಬೇಡ ಅಂದರೆ ತೆಗೆಯುತ್ತೇನೆ.

ಕಲ್ಲಿನಾಥ ಆರನೇ ನಂಬರು. ಗದಗಿನ ಕಡೆಯವನು, ನಲವತ್ತಾರು ವರ್ಷ. ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷ ಇದ್ದು, 2008ರ ನವೆಂಬರಿನಲ್ಲಿ ಕೆಲಸ ಕಳೆದುಕೊಂಡಿದ್ದ. ಅವನು ಸಿಂಧುವಿಗೆ ಹೇಳಿದ ಸಂಗತಿಗಳಲ್ಲಿ ಹೆಚ್ಚಿನವು ಎಲ್ಲರೂ ಹೇಳುವಂಥವೇ. ಒಂದು ಮಾತ್ರ ಬೇರೆಯಾಗಿತ್ತು. ಅವನೂ ಅವನ ಮ್ಯಾನೇಜರೂ ನೋವೈನ ಒಂದೇ ಬಡಾವಣೆಯವರು. ದಿನಾ ಒಂದೇ ಕಾರಿನಲ್ಲಿ ಹೋಗಿ ಬರುತ್ತಿದ್ದರು. ಕೆಲಸ ಹೋದ ದಿನವೂ ಹಾಗೆಯೇ ಬಂದರು. ಮೂವತ್ತು ಮೈಲು ದಾರಿಯುದ್ದಕ್ಕೂ ಮ್ಯಾನೇಜರು ಅವನಿಗೆ ಸಮಾಧಾನ ಹೇಳಿದ್ದರು. "ಅಂಥಾ ಮನಿಷಾ ಸಿಗೂದಿಲ್ರಿ. ಅವತ್ತು ಅವರಿರಲಿಲ್ಲಂದ್ರ ನಾ ಮನೀಗೆ ಹೆಂಗ ಬರತಿದ್ನೋ ಗೊತ್ತಿಲ್ಲ," ಎಂದಿದ್ದ ಕಲ್ಲಿನಾಥ.

ನಾಲ್ಕು ತಿಂಗಳ ಮೇಲೆ ಆ ಮ್ಯಾನೇಜರೇ ಸಿಂಧುವಿನ ಎದುರು ಕೂತರು. ಅಷ್ಟರಲ್ಲಿ ಅವರ ಕೆಲಸವೂ ಹೋಗಿತ್ತು. ಹೆಸರು ರಘೋತ್ತಮ, ಬೆಂಗಳೂರಿನ ಚಾಮರಾಜಪೇಟೆಯವರು. ಪಟ್ಟಿಯಲ್ಲಿ ಹದಿನೇಳನೇ ನಂಬರು. ಅರ್ಧ ಗಂಟೆ ಏನೇನೋ ಹೇಳಿದ ಮೇಲೆ ಅವರು ರೆಕಾರ್ಡರಿನ ಕಡೆ ನೋಡುತ್ತಾ ಹೇಳಿದರು:

"ಮೇಲಿನವ್ರು ಒಂಬತ್ತು ಹೆಸರು ಕೊಡು ಅಂದ್ರು. ಎಂಟು ಕಷ್ಟ ಆಗ್ಲಿಲ್ಲ. ಒಂಬತ್ತನೇದಕ್ಕೆ ಇಬ್ಬರಲ್ಲಿ ಒಬ್ಬರನ್ನ ಆರಿಸ್ಬೇಕಿತ್ತು. ಒಬ್ಬ ಅಮೆರಿಕನ್ನು, ಕೆಲಸ ಅಷ್ಟಕ್ಕಷ್ಟೆ. ಇನ್ನೊಬ್ಬ ನಮ್ಮವನು, ನನ್ ಕಾರಲ್ಲೇ ಬರ್ತಿದ್ದವನು. ಅವನನ್ನ ಉಳಿಸಿದ್ರೆ ನಮ್ಮವನು ಅಂತ ಉಳಿಸ್ದ ಅಂತಾರೆ. ಅದಕ್ಕೇ ಅವನ ಹೆಸರು ಬರೆದೆ. ಇವತ್ತಿನವರೆಗೂ ಅವನಿಗೆ ಗೊತ್ತಿಲ್ಲ. ನನ್ ಹೆಂಡ್ತಿಗೂ ಗೊತ್ತಿಲ್ಲ."

ಸಿಂಧು ತನಗೆ ಇದರ ಇನ್ನೊಂದು ಅರ್ಧ ಗೊತ್ತೆಂದು ತೋರಿಸಿಕೊಳ್ಳಲಿಲ್ಲ. ಇದನ್ನು ಬರೆಯಬಹುದೇ ಎಂದು ಕೇಳಿದಳು. "ಬರ್ಕೊಳ್ಳಿ, ಥೀಸಿಸ್ ಯಾರು ಓದ್ತಾರೆ?" ಎಂದರು.

ನಾಲ್ಕನೆಯ ಅಧ್ಯಾಯ ಹುಟ್ಟಿದ್ದು ಆ ಮಾತಿನಿಂದ. ನಮ್ಮವರು ಎಂಬ ಹತ್ತಿರತನ ಕಷ್ಟಕಾಲದಲ್ಲಿ ಕಾಯುವುದಷ್ಟೇ ಅಲ್ಲ, ಕೆಲವೊಮ್ಮೆ ಬಲಿಯನ್ನೂ ಕೇಳುತ್ತದೆ ಎಂದು ಅವಳು ವಾದಿಸಿದಳು. ಮಾರ್ಗದರ್ಶಕಿ ಪ್ರೊಫೆಸರ್ ಹೆಲೆನ್ ಅದನ್ನು ಓದಿ, ಇಡೀ ಪ್ರಬಂಧ ನಿಂತಿರುವುದೇ ಈ ಅಧ್ಯಾಯದ ಮೇಲೆ ಎಂದರು. ಸಿಂಧು ಹದಿನೇಳನೇ ನಂಬರಿನವರ ಊರು ಬದಲಿಸಿದಳು, ವಯಸ್ಸು ಬದಲಿಸಿದಳು, ಒಂಬತ್ತನ್ನು ಹನ್ನೆರಡು ಮಾಡಿದಳು. ಆದರೆ ಪಟ್ಟಿ ಮಾಡಿದವನೂ ಪಟ್ಟಿಗೆ ಸೇರಿದವನೂ ಅದೇ ದಿನ ಒಂದೇ ಕಾರಿನಲ್ಲಿ ಮನೆಗೆ ಬಂದದ್ದನ್ನು ಹಾಗೇ ಉಳಿಸಿಕೊಂಡಳು. ಅದನ್ನು ತೆಗೆದರೆ ಅಧ್ಯಾಯ ಸಪ್ಪೆಯಾಗುತ್ತಿತ್ತು.

ಮಾರ್ಚ್ ತಿಂಗಳಲ್ಲಿ ಒಬ್ಬೊಬ್ಬರಿಗೂ ಅವರವರ ಭಾಗ ಕಳಿಸಿದಳು. ಕಲ್ಲಿನಾಥನಿಗೆ ಹೋಗಿದ್ದು ಎರಡನೆಯ ಅಧ್ಯಾಯ ಮಾತ್ರ. ಅವನು ಉತ್ತರ ಬರೆದ: ಛಲೋ ಬರದೀರಿ, ಉಳಿದದ್ದೂ ಓದಬೇಕಂತ ಆಸೆ ಐತಿ, ಕಳಸ್ರಿ. ಆ ಸೋಮವಾರ ಸಿಂಧು ಬೆಳಗಿನಿಂದ ಅಡಿಟಿಪ್ಪಣಿ ಸರಿಪಡಿಸುತ್ತಿದ್ದಳು. ಏಪ್ರಿಲ್ ಹತ್ತೊಂಬತ್ತಕ್ಕೆ ಡಿಫೆನ್ಸ್, ಅಂದರೆ ಪರೀಕ್ಷಕರ ಮುಂದೆ ಪ್ರಬಂಧವನ್ನು ಸಮರ್ಥಿಸಿಕೊಳ್ಳುವ ಮೌಖಿಕ ಪರೀಕ್ಷೆ ಇತ್ತು. ಆರ್ಥಿಕ ಹಿಂಜರಿತದಿಂದ ಕಾಲೇಜುಗಳೂ ನೇಮಕಾತಿ ನಿಲ್ಲಿಸಿದ್ದ ವರ್ಷ ಅದು. ಅರವತ್ತೆರಡು ಕಡೆ ಅಪ್ಲೈ ಮಾಡಿ ಅವಳಿಗೆ ಸಿಕ್ಕಿದ್ದು ಒಂದೇ ಕೆಲಸ, ಅದೂ ಒಂದು ವರ್ಷದ್ದು. ಜೂನ್ ಒಳಗೆ ಡಿಗ್ರಿ ಕೈಯಲ್ಲಿರಬೇಕೆಂಬ ಷರತ್ತಿತ್ತು. ಅವಳು ಇಡೀ ಪ್ರಬಂಧದ ಫೈಲನ್ನು ಲಗತ್ತಿಸಿ ಕಳಿಸಿ, ಮತ್ತೆ ಅಡಿಟಿಪ್ಪಣಿಗೆ ಮರಳಿದಳು. ಹದಿನೇಳನೇ ನಂಬರು ಆ ಹೊತ್ತಿನಲ್ಲಿ ನೆನಪಿಗೇ ಬರಲಿಲ್ಲ. ಆಮೇಲೆ ಎಷ್ಟೋ ಸಲ ಯಾಕೆ ಬರಲಿಲ್ಲ ಎಂದು ತನ್ನನ್ನೇ ಕೇಳಿಕೊಂಡಳು. ಅಷ್ಟು ಹೊತ್ತಿಗೆ ಆ ಇಬ್ಬರೂ ಅವಳಿಗೆ ಮನುಷ್ಯರಾಗಿ ಉಳಿದಿರಲಿಲ್ಲ, ಪುಟಗಳಾಗಿದ್ದರು ಎಂಬುದಷ್ಟೇ ಅವಳಿಗೆ ಹೊಳೆದ ಉತ್ತರ.

ಗುರುವಾರ ಫೋನಿನಲ್ಲಿ ಕಲ್ಲಿನಾಥ ಕುಶಲ ಕೇಳಿದ. ಆಮೇಲೆ, "ಆ ಹದಿನೇಳನೇ ನಂಬರು ಯಾರ್ರೀ?" ಎಂದ.

"ಹೇಳೋ ಹಾಗಿಲ್ಲ ಕಲ್ಲಿನಾಥ್ ಅವ್ರೆ."

"ಹೇಳಬ್ಯಾಡ್ರಿ. ಗೊತ್ತಾತು." ಅವನೇ ಮುಂದುವರಿಸಿದ. "ಪಟ್ಟಿ ಮಾಡಿದ್ದಕ್ಕ ನಂದೇನೂ ಸಿಟ್ಟಿಲ್ರಿ. ಅವರ ಜಾಗಾದಾಗ ನಾ ಇದ್ರೂ ಯಾರದರ ಹೆಸರು ಬರೀಬೇಕಾಗತಿತ್ತು. ಆದ್ರ ನಾ ಕನ್ನಡದವ ಅಂತ ಬರದಾರಲ್ಲ. ನಾ ಬ್ಯಾರೆ ಯಾರರ ಆಗಿದ್ರ ಉಳೀತಿದ್ದೆ. ಮತ್ತ ಅವತ್ತು ಅಷ್ಟು ದೂರ ಸಮಾಧಾನ ಹೇಳಿಕೋತ ಬಂದ್ರು."

"ತಪ್ಪು ನಂದು. ಆ ಅಧ್ಯಾಯ ನಿಮಗೆ ಕಳಿಸಬಾರದಿತ್ತು."

"ಅದು ನಿಮ್ಮ ತಪ್ಪು ಹೌದು," ಎಂದ ಕಲ್ಲಿನಾಥ. "ಆದ್ರ ಅದನ್ನ ತೆಗೀಬ್ಯಾಡ್ರಿ. ಎಲ್ಲೆರ ಒಂದ್ಕಡೆ ಬರದಿಟ್ಟಿರಲಿ."

ಅಂದು ಮಧ್ಯಾಹ್ನ ಸಿಂಧು ಹೆಲೆನ್ ಅವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಹೆಲೆನ್ ಗದರಲಿಲ್ಲ. ಸಂಶೋಧನೆಯ ನೀತಿನಿಯಮ ನೋಡಿಕೊಳ್ಳುವ ವಿಶ್ವವಿದ್ಯಾಲಯದ ನೈತಿಕ ಸಮಿತಿಗೆ ಇಂದೇ ಬರೆದು ತಿಳಿಸಬೇಕು, ಅವರು ತಡೆದರೆ ಡಿಫೆನ್ಸ್ ಮುಂದಕ್ಕೆ ಹೋಗುತ್ತದೆ, ಹದಿನೇಳನೆಯವರಿಗೆ ನೀನೇ ಮುಖತಃ ಹೇಳಬೇಕು ಎಂದರು. ಮುಂದಕ್ಕೆ ಹೋದರೆ ಕೆಲಸ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಸಿಂಧು ಲೈಬ್ರರಿಯಲ್ಲಿ ಕೂತು ಒಂದು ಪುಟದ ಪತ್ರ ಬರೆದು ಕಳಿಸಿದಳು.

ರವಿಶಂಕರ ಜೊತೆಗೆ ಬರುತ್ತೇನೆಂದ. ಬೇಡವೆಂದು ಶನಿವಾರ ಬೆಳಿಗ್ಗೆ ಒಬ್ಬಳೇ ಹೊರಟಳು. ಫ್ಯಾರನ್‌ಹೀಟಿನಲ್ಲಿ ಮೂವತ್ತೆಂಟು ಡಿಗ್ರಿ, ಒಳ್ಳೆಯ ಚಳಿ ಇತ್ತು. ನೋವೈ ಮುಟ್ಟಿದಾಗ ಗಂಟೆ ಒಂದಾಗಿತ್ತು. ರಘೋತ್ತಮ ಅವರ ಮನೆಯಿದ್ದ ಬೀದಿಯಲ್ಲಿ ಮೂರು ಮನೆಗಳ ಮುಂದೆ ಮಾರಾಟದ ಬೋರ್ಡು ನೆಟ್ಟಿದ್ದರು.

ಬಾಗಿಲು ತೆಗೆದದ್ದು ರಘೋತ್ತಮ ಅವರ ಹೆಂಡತಿ ಪ್ರಭಾ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವರ ಕೆಲಸ. ಈಗ ಮನೆ ನಡೆಯುತ್ತಿದ್ದುದು ಅದರಿಂದಲೇ. "ಊಟ ಮಾಡ್ದೆ ಮಾತಿಲ್ಲ," ಎಂದು ಚಿತ್ರಾನ್ನ ಬಿಸಿ ಮಾಡಲು ಒಳಗೆ ಹೋದರು. ರಘೋತ್ತಮ ಸಿಂಧುವಿನ ಮುಖ ನೋಡಿ, ಅವಳನ್ನು ಬೇಸ್‌ಮೆಂಟಿಗೆ ಕರೆದುಕೊಂಡು ಹೋದರು. ಅಲ್ಲೊಂದು ಮೇಜು, ಪ್ರಿಂಟರು, ಕೆಲಸಕ್ಕೆ ಹಾಕಿದ ಅರ್ಜಿಗಳ ಫೈಲು.

ಅವಳು ಪೀಠಿಕೆ ಹಾಕದೆ ಹೇಳಿದಳು. ಅವರು ಕುರ್ಚಿಯ ಬೆನ್ನು ಹಿಡಿದುಕೊಂಡು ಕೇಳಿದರು.

"ಅವನಿಗೆ ಗೊತ್ತಾ?"

"ಗೊತ್ತು. ಗುರುವಾರದಿಂದ."

"ನೀವು ನನ್ ಹೆಸರು ಹೇಳಿದ್ರಾ?"

"ಇಲ್ಲ. ಆದ್ರೆ ನಾನು ಕಳಿಸಿದ್ದು ಓದಿನೇ ಗೊತ್ತಾಗಿದ್ದು."

"ನಿನ್ನೆ ಸಾಯಂಕಾಲ ಮೇಲ್‌ಬಾಕ್ಸ್ ಹತ್ರ ಸಿಕ್ಕಿದ್ದ. ಹಾಯ್ ಅಂದ. ನಾನೂ ಹಾಯ್ ಅಂದೆ," ಎಂದರು ರಘೋತ್ತಮ. ಅವರ ದನಿ ಏರಲಿಲ್ಲ. "ಎಲ್ಲಾ ತೆಗೀರಿ. ಒಂದು ಸಾಲೂ ಇರ್ಬಾರ್ದು. ನಿಮಗೆ ಡಿಗ್ರಿ ಬೇಕಿತ್ತು, ನಾನು ಬುದ್ಧಿಯಿಲ್ದೆ ಬಾಯಿ ಬಿಟ್ಟೆ."

"ತೆಗೀತೀನಿ," ಎಂದಳು ಸಿಂಧು.

ಅವರು ಮೇಲೆ ಹೋದರು. ಮುಂಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು. ಸಿಂಧು ಅಡುಗೆಮನೆಗೆ ಬಂದಾಗ ಪ್ರಭಾ ತಟ್ಟೆ ಹಿಡಿದು ನಿಂತಿದ್ದರು.

"ಎಲ್ಲಿಗೆ ಹೋದ್ರು? ಏನಾಯ್ತು?"

"ಅವರೇ ಹೇಳ್ಬೇಕು ಪ್ರಭಾ ಅವ್ರೆ. ನಾನು ಹೇಳೋ ಹಾಗಿಲ್ಲ."

ಪ್ರಭಾ ಒತ್ತಾಯ ಮಾಡಲಿಲ್ಲ. ತಟ್ಟೆ ಮುಂದಿಟ್ಟು ಎದುರು ಕೂತರು. ಸಿಂಧು ಊಟ ಮಾಡಿದಳು. ಅಂಥ ಹೊತ್ತಿನಲ್ಲೂ ತನಗೆ ಹಸಿವಾಗಿದ್ದುದು ಅವಳಿಗೆ ವಿಚಿತ್ರವೆನಿಸಿತು. ನಲವತ್ತು ನಿಮಿಷದ ಮೇಲೆ ರಘೋತ್ತಮ ಬಂದು, ಕೋಟು ಬಿಚ್ಚದೆ ಹೆಂಡತಿಯ ಪಕ್ಕದ ಕುರ್ಚಿ ಎಳೆದುಕೊಂಡರು. ಸಿಂಧು ಏಳಹೋದಳು. "ಕೂತ್ಕೊಳ್ಳಿ. ಶುರು ಮಾಡಿದ್ದು ನೀವು, ಪೂರ್ತಿ ಕೇಳ್ಕೊಂಡು ಹೋಗಿ," ಎಂದರು. ಆಮೇಲೆ ಪ್ರಭಾ ಅವರಿಗೆ ಪಟ್ಟಿಯ ವಿಷಯ ಮೊದಲಿನಿಂದ ಹೇಳಿದರು. ಹೇಳಲು ಐದು ನಿಮಿಷವೂ ಬೇಕಾಗಲಿಲ್ಲ.

"ಈಗ ಅವನ ಮನೆಗೆ ಹೋಗಿದ್ದೆ. ಕೂತ್ಕೊಳ್ರಿ ಅಂದ. ನಾನು ಕೂರಲಿಲ್ಲ. ಎಷ್ಟು ಹೆಸರು ಬೇಕಿತ್ತು ಅಂತ ಕೇಳಿದ. ಒಂಬತ್ತು ಅಂದೆ. ನಂದು ಎಷ್ಟನೇದು ಅಂದ. ಕೊನೇದು ಅಂದೆ. ಎಷ್ಟು ದಿನ ತಗೊಂಡ್ರಿ ಅಂದ. ಮೂರು ದಿನ ಅಂದೆ. ಆಯ್ತು ಹೋಗ್ರಿ ಅಂದ."

"ಸಾರಿ ಕೇಳಿದ್ಯಾ?" ಎಂದರು ಪ್ರಭಾ.

"ಕೇಳ್ದೆ. ಅದಕ್ಕೇನೂ ಹೇಳಲಿಲ್ಲ."

ಪ್ರಭಾ ಎದ್ದು ನಲ್ಲಿ ಬಿಟ್ಟು ಸಿಂಧುವಿನ ತಟ್ಟೆ ತೊಳೆಯತೊಡಗಿದರು. ತಿರುಗದೆಯೇ, "ಕಲ್ಲಿನಾಥ್ ಕೆಲಸ ಹೋದ ತಿಂಗಳು ಅವರ ಮನೆಗೆ ನಾನು ವಾರಕ್ಕೆ ಎರಡು ಸಲ ಅಡುಗೆ ಮಾಡಿ ಕಳಿಸಿದೀನಿ ರಘು. ನೀನೇ ಕೊಟ್ಟು ಬರ್ತಿದ್ದೆ," ಎಂದರು. ಸಿಂಧು ಹೊರಟಾಗ ಇಬ್ಬರೂ ಬಾಗಿಲವರೆಗೆ ಬಂದರು. ಅದು ಅಭ್ಯಾಸವಿರಬೇಕು.

ಮಂಗಳವಾರ ಕಲ್ಲಿನಾಥ ಮತ್ತೆ ಫೋನ್ ಮಾಡಿದ.

"ಅವರು ತೆಗೀರಿ ಅಂದಿರಬೇಕಲ್ಲ?"

"ನಾನು ಅದರ ಬಗ್ಗೆ ಮಾತಾಡೋ ಹಾಗಿಲ್ಲ."

"ಹಂಗಾದ್ರ ನಾ ಹೇಳತೀನಿ, ಬರಕೋರಿ. ಇದು ನಂಗ ಆಗಿದ್ದು. ನನ್ನ ಹೆಸರ ಯಾಕ ಬಂತು ಅಂತ ನನಗ ಈಗ ಗೊತ್ತೈತಿ. ಅವರ ಮಾತು ಬ್ಯಾಡ, ನನ್ನ ಮಾತು ಹಾಕ್ರಿ. ಈ ಶನಿವಾರ ಬರ್ರಿ, ಇನ್ನೊಂದು ಇಂಟರ್‌ವ್ಯೂ ಕೊಡತೀನಿ."

ಡಿಫೆನ್ಸಿಗೆ ಇಪ್ಪತ್ತು ದಿನ ಉಳಿದಿತ್ತು. ಅವನು ಹೇಳಿದ್ದು ಸಾಧ್ಯವಿತ್ತು. ಹದಿನೇಳನೇ ನಂಬರನ್ನು ಅಳಿಸಿ, ಅದೇ ಕತೆಯನ್ನು ಆರನೇ ನಂಬರಿನ ಬಾಯಿಂದ ಹೇಳಿಸಿದರೆ ಅಧ್ಯಾಯ ಉಳಿಯುತ್ತಿತ್ತು, ಬಹುಶಃ ಮೊದಲಿಗಿಂತ ಗಟ್ಟಿಯಾಗಿಯೇ. ಸಮಿತಿಯವರಿಗೂ ಅದು ತಿಳಿಯುತ್ತಿರಲಿಲ್ಲ. ಅಷ್ಟೆಲ್ಲ ಲೆಕ್ಕ ಹಾಕಿದ್ದನ್ನು ಅವಳು ಆಮೇಲೆ ಗಂಡನ ಹತ್ತಿರ ಮುಚ್ಚಿಡಲಿಲ್ಲ.

"ಬೇಡ ಕಲ್ಲಿನಾಥ್ ಅವ್ರೆ," ಎಂದಳು ಕೊನೆಗೆ. "ನಿಮಗೆ ಗೊತ್ತಾಗಿದ್ದು ನನ್ನ ತಪ್ಪಿಂದ. ಅದನ್ನೇ ಮತ್ತೆ ನಿಮ್ಮಿಂದ ಕೇಳಿ ನಾನು ಬರ್ಕೊಂಡ್ರೆ, ಆ ತಪ್ಪಿಂದ ಲಾಭ ಮಾಡ್ಕೊಂಡ ಹಾಗಾಗುತ್ತೆ."

"ಮತ್ತ ನಾ ಯಾರ ಮುಂದ ಹೇಳಲಿ?"

ಅದು ತನಗೂ ಗೊತ್ತಿಲ್ಲವೆಂದಳು ಸಿಂಧು. "ಬರೀಲಿಕ್ಕೆ ಅಲ್ಲ, ಸುಮ್ನೆ ಹೇಳೋದಾದ್ರೆ ಈಗ ಹೇಳಿ. ನಾನು ಕೇಳ್ತೀನಿ." ಕಲ್ಲಿನಾಥ ಒಂದು ಗಂಟೆ ಮಾತಾಡಿದ. ಅವಳು ಪೆನ್ನು ಮುಟ್ಟಲಿಲ್ಲ.

ನಾಲ್ಕನೆಯ ಅಧ್ಯಾಯದಲ್ಲಿ ಇಪ್ಪತ್ತೆರಡು ಪುಟ ಹೋದವು. ಉಳಿದ ಸಂದರ್ಶನಗಳಿಂದ ಆರಿಸಿ ಹನ್ನೊಂದು ಪುಟ ಬರೆದಳು. ಅವು ಕೆಟ್ಟದಾಗಿರಲಿಲ್ಲ ಅಷ್ಟೆ. ನೈತಿಕ ಸಮಿತಿ ಏಪ್ರಿಲ್ ಹನ್ನೆರಡಕ್ಕೆ ಉತ್ತರ ಕಳಿಸಿತು: ಕಟುವಾದ ಎಚ್ಚರಿಕೆ, ಹದಿನೇಳನೇ ನಂಬರಿನ ಧ್ವನಿಮುದ್ರಣ ನಾಶ ಮಾಡಬೇಕೆಂಬ ಆದೇಶ, ಮುಂದುವರಿಯಲು ಅನುಮತಿ. ಡಿಫೆನ್ಸಿನಲ್ಲಿ ಪರೀಕ್ಷಕರೊಬ್ಬರು, ಪ್ರಬಂಧ ಚೆನ್ನಾಗಿದೆ, ನಾಲ್ಕನೆಯ ಅಧ್ಯಾಯ ಮಾತ್ರ ಏನನ್ನೋ ಹೇಳಲು ಹೋಗಿ ಹಿಂದೆ ಸರಿದಂತಿದೆ ಎಂದರು. ಸಿಂಧು ಹೌದೆಂದು ಒಪ್ಪಿಕೊಂಡಳು. ಕಾಲು ಗಂಟೆ ಹೊರಗೆ ಕೂರಿಸಿ, ಒಳಗೆ ಕರೆದು, ಡಾಕ್ಟರ್ ಎಂದು ಕೈಕುಲುಕಿದರು. ಆಗ ಅವಳಿಗೆ ಸಂತೋಷವಾಯಿತು. ಆಗಬಾರದಿತ್ತೇನೋ ಎಂದು ಅನ್ನಿಸಿದರೂ ಆಯಿತು. ಆಗಸ್ಟಿನಲ್ಲಿ ಕೆಲಸಕ್ಕೆ ಸೇರಿದಳು.

ಡಿಸೆಂಬರಿನಲ್ಲಿ ಪ್ರಭಾ ಒಂದು ದಿನ ಫೋನ್ ಮಾಡಿದರು. ರಘೋತ್ತಮ ಅವರಿಗೆ ಟೆನೆಸ್ಸಿಯಲ್ಲಿ ಕೆಲಸ ಸಿಕ್ಕಿತ್ತು. ಮಗಳ ಹೈಸ್ಕೂಲು ಮುಗಿಯುವವರೆಗೆ ತಾವು ನೋವೈಯಲ್ಲೇ ಇರುವುದಾಗಿ ಹೇಳಿದರು. ಕಲ್ಲಿನಾಥನಿಗೂ ಒಂದು ಕಾಂಟ್ರಾಕ್ಟ್ ಕೆಲಸ ಸಿಕ್ಕಿತ್ತು.

"ಅವರ ಮನೆಗೆ ಹೋಗಿ ಬಂದು ಮಾಡ್ತೀರಾ?" ಎಂದು ಸಿಂಧು ಕೇಳಿದಳು.

"ಇಲ್ಲ. ಅಂಗಡೀಲಿ, ದೇವಸ್ಥಾನದಲ್ಲಿ ಸಿಕ್ಕಿದ್ರೆ ಮಾತಾಡ್ತಾರೆ. ನನ್ ಹತ್ರ ಮೊದಲಿನ ಹಾಗೇ ಮಾತಾಡ್ತಾರೆ. ರಘು ಬಗ್ಗೆ ಅವರೂ ಕೇಳಲ್ಲ, ನಾನೂ ಹೇಳಲ್ಲ."

"ನೀವಿಬ್ಬರು ಹೇಗಿದೀರಿ?"

"ನಮಗೇನು? ವೀಕೆಂಡ್ ಬರ್ತಾರೆ, ಹೋಗ್ತಾರೆ," ಎಂದರು ಪ್ರಭಾ. ನಂತರ ಸಿಂಧುವಿನ ಕೆಲಸ ಖಾಯಂ ಆಗುತ್ತದಾ, ಅಲ್ಲಿ ಚಳಿ ಹೇಗಿದೆ ಎಂದೆಲ್ಲ ವಿಚಾರಿಸಿಕೊಂಡು, ಲ್ಯಾಬಿಗೆ ಹೊತ್ತಾಯಿತೆಂದು ಫೋನ್ ಇಟ್ಟರು.