ಮತಗಂಟೆ ನಿಲ್ಲುವ ಮುನ್ನ

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಮಸೂದೆಯಿಂದ ಶುರು ಮಾಡಿದರೆ ಆಕಳಿಸುತ್ತೀರಿ. ಕಾಯಿಲೆಯಿಂದ ಶುರು ಮಾಡಿದರೆ, 'ಓಹೋ, ಅಳಿಸೋಕೆ ಹೊರಟ' ಅನ್ನುತ್ತೀರಿ.

೧. (ಹರಿದು ಹಾಕಿದ ಕರಡು.) ಎಲ್ಲರ ಚಿಕಿತ್ಸೆಗೂ ಒಂದೇ ಸರ್ಕಾರಿ ನಿಧಿ. ನೀವು ತೆರಿಗೆ ಕಟ್ಟಿ, ಆಸ್ಪತ್ರೆ ಬಿಲ್ಲು ನಿಧಿಯ ತಲೆಗೆ. ಕೇಳೋಕೆ ಚೆನ್ನ. ಆದರೆ ವಿಮಾ ಕಂಪನಿಗಳ ಅಷ್ಟೊಂದು ನೌಕರರು ಎಲ್ಲಿಗೆ ಹೋಗಬೇಕು? ಒಳ್ಳೆಯ ವಿಮೆ ಗಿಟ್ಟಿಸಿಕೊಂಡ ಕಾರ್ಮಿಕ ಸಂಘಗಳು ಅದನ್ನೇಕೆ ಬಿಟ್ಟುಕೊಡಬೇಕು? ಹೊಸ ತೆರಿಗೆ ಅಂದವನಿಗೆ ವೋಟು ಹಾಕುವವರು ಯಾರು? ನನ್ನ ಹೆಂಡತಿ ಓದಿ, "ಇದು ಕಥೇನಾ, ಕರಪತ್ರಾನಾ?" ಅಂದಳು.

೨. ಸರಿ, ಮನುಷ್ಯರಿಂದಲೇ. ಶಾಸನಸಭೆಯ ಮೊಗಸಾಲೆ. ಬೆಂಚಿನ ಮೇಲೆ ಮಸೂದೆಯ ಪರವಾದ ಒಬ್ಬ ಸದಸ್ಯೆ, ಪಕ್ಕದಲ್ಲಿ ಅವಳ ತಮ್ಮ. ಲಿಫ್ಟ್ ರಿಪೇರಿ ಮಾಡುವವನು. ಈಗ ಎರಡು ಮೆಟ್ಟಿಲಿಗೇ ಏದುಸಿರು. ಎರಡೂ ಕಿಡ್ನಿ ಕೈಕೊಟ್ಟಿವೆ. ವಿಮಾ ಕಂಪನಿ 'ಹಳೇ ಕಾಯಿಲೆ' ಎಂದು ಕೈತೊಳೆದುಕೊಂಡಿದೆ. ಮತದಾನದ ಗಂಟೆ ಹೊಡೆಯುತ್ತಿದೆ. ಅದು ನಿಂತೊಡನೆ ಬಾಗಿಲು ಹಾಕುತ್ತಾರೆ. ಅವಳು ಒಳಗೆ ಹೋದರೆ ಮಸೂದೆ ಒಂದೇ ಮತದಿಂದ ಪಾಸು. ಹೋಗದಿದ್ದರೆ ಸಮಸಮ, ಅಂದರೆ ಸೋಲು.

(ಮತ್ತೆ ಹೋಗಬಾರದಾ ಅಂತೀರಿ. ತಾಳಿ.)

ಈ ಸಭೆಯಲ್ಲೊಂದು ರೂಢಿ. ಒಂದು ಪಕ್ಷದವರು ಆಸ್ಪತ್ರೆ ಸೇರಿದರೆ, ಎದುರು ಪಕ್ಷದ ಒಬ್ಬರು ತಾವೂ ಮತ ಹಾಕುವುದಿಲ್ಲವೆಂದು ಮಾತು ಕೊಡುತ್ತಾರೆ. ಜೋಡಿ ಗೈರು ಅನ್ನುತ್ತಾರೆ ಅದಕ್ಕೆ. ಮಸೂದೆಯನ್ನು ವಿರೋಧಿಸುವ ಹಿರಿಯರೊಬ್ಬರಿಗೆ ಹೃದಯದ ಆಪರೇಷನ್ ಆದಾಗ ಇವಳು ಹಾಸಿಗೆ ಪಕ್ಕ ನಿಂತು, "ಆರಾಮಾಗಿ ಬನ್ನಿ ಸರ್, ಅಲ್ಲೀವರೆಗೂ ನಾನೂ ಮತ ಹಾಕಲ್ಲ" ಅಂದುಬಿಟ್ಟಳು. ಯಾವ ಮಸೂದೆ ಬರುತ್ತೆ, ಯಾವಾಗ, ಒಂದೂ ಕೇಳಲಿಲ್ಲ. ಅವರಿನ್ನೂ ಆಸ್ಪತ್ರೆಯಲ್ಲೇ ಇದ್ದಾರೆ. (ಅವರ ಬಿಲ್ಲು ಕಟ್ಟಿದ್ದು ಸರ್ಕಾರ. ಸದಸ್ಯರಿಗೆ ಆ ಭಾಗ್ಯ ಮೊದಲಿಂದಲೂ ಇದೆ. ನನಗೆ ಹೊಟ್ಟೆ ಉರಿಯುತ್ತದೆ, ಮುಚ್ಚುಮರೆ ಯಾಕೆ.)

೩. "ಒಳಗೆ ಹೋಗಿ ಮೇಡಂ," ಅಂದೆ.

"ಮಾತು ಕೊಟ್ಟಿದೀನಿ."

"ನಿಮ್ಮ ತಮ್ಮ ಉಳಿಯಲ್ಲ."

"ಅವನಿಗೆ ಕಾಯಿಲೆ ಕೊಟ್ಟಿದ್ದೇ ನೀವು. ಈಗ ನನಗೆ ಬುದ್ಧಿ ಹೇಳೋಕೆ ಬಂದ್ರಾ?"

ಮುಕ್ತಾಯಗಳ ಪಟ್ಟಿ ಮಾಡಲು ಕೂತೆ.

ಮುಕ್ತಾಯ ಒಂದು: ಹೋಗುತ್ತಾಳೆ, ಮಸೂದೆ ಗೆಲ್ಲುತ್ತದೆ. ನಿಧಿಗೆ ಹಣ ಬಿಡಲು ಇನ್ನೊಂದು ಮತದಾನ ಬೇಕು. ಮಾತು ಮುರಿದವಳ ಜೊತೆ ಯಾರೂ ನಿಲ್ಲುವುದಿಲ್ಲ. ಕಾನೂನು ಕಪಾಟು ಸೇರುತ್ತದೆ.

ಮುಕ್ತಾಯ ಎರಡು: ಹೋಗುವುದಿಲ್ಲ. ಊರೆಲ್ಲ ಅವಳನ್ನು ಮಾತಿಗೆ ತಪ್ಪದವಳು ಅಂತ ಹೊಗಳುತ್ತದೆ. ಕೇಳಲು ತಮ್ಮ ಇರುವುದಿಲ್ಲ.

ಮುಕ್ತಾಯ ಮೂರು: ಹಿರಿಯರು ಗಾಲಿಕುರ್ಚಿಯಲ್ಲಿ ಬಂದು, "ಹೋಗಮ್ಮ, ನಿನ್ನ ಮಾತು ನಿನಗೇ ವಾಪಸ್" ಅನ್ನುತ್ತಾರೆ. (ಇದು ಸಿನಿಮಾ ಅಲ್ಲ ಸ್ವಾಮಿ.)

೪. ನಾನೇನು ಕಮ್ಮಿ ಜಾಣನೇ? ಗಂಟೆ ಹೊಡೆಯುತ್ತಲೇ ಇರಲಿ, ಬಾಗಿಲು ತೆರೆದೇ ಇರಲಿ ಅಂತ ತೀರ್ಮಾನಿಸಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪೆನ್ನು ಕೆಳಗಿಟ್ಟೆ.

ತಮ್ಮ ತಲೆಯೆತ್ತಿ ನನ್ನನ್ನೇ ನೋಡಿದ. "ನೀವು ಕಥೆ ನಿಲ್ಸಿದ್ರೆ ನನ್ನ ಕಾಯಿಲೇನೂ ನಿಲ್ಲತ್ತಾ ಸರ್?"

ನಾಚಿಕೆಯಾಯಿತು. ಅವನು ಗೋಡೆ ಹಿಡಿದು ಎದ್ದು, ಅಕ್ಕನ ಬ್ಯಾಗನ್ನು ಅವಳ ಕೈಗಿಟ್ಟ.

"ಅಕ್ಕಾ, ನೀನು ಏನ್ ಮಾಡಿದ್ರೂ ನಾನು ನಿನ್ನ ಜೊತೆ ಮಾತು ಬಿಡಲ್ಲ. ಆದ್ರೆ ಹೀಗೆ ಕೂತೇ ಇರಬೇಡ."

ಅವಳು ಎದ್ದಳು. ಎಡಕ್ಕೆ ಸಭೆಯ ಬಾಗಿಲು, ಬಲಕ್ಕೆ ಬೀದಿಯ ಬಾಗಿಲು.

ನಾನು ಪೆನ್ನು ಮುಟ್ಟಿಲ್ಲ, ಆಣೆ. ಗಂಟೆ ತಾನಾಗಿಯೇ ನಿಂತಿತು.