ಬೆಳ್ಳುಳ್ಳಿ ಎಣ್ಣೆ

ನನ್ನ ಗಂಡನ ಬಲಗಿವಿಯೊಳಗೆ ಆರು ತಿಂಗಳಿಂದ ಗುಂಯ್ ಎನ್ನುವ ಸದ್ದು ಇದೆಯೆಂದು ನನಗೆ ಹೇಳಿದವಳು ನನ್ನ ನೆಗೆಣ್ಣಿ ರಂಜನಾ. ಅವರಲ್ಲ, ಅವಳು! ಇಪ್ಪತ್ತೈದು ವರ್ಷ ಅವರಿಗೆ ರೊಟ್ಟಿ ಬಡಿದು ಹಾಕಿದವಳು ನಾನು. ಮೈದುನನ ಕೈಹಿಡಿದು ನಮ್ಮೂರು ದುಂಡಸಿಗೆ ಬಂದು ಇನ್ನೂ ಎಂಟು ವರ್ಷವಾಗದ ಅವಳಿಗೆ ಮೊದಲು ಗೊತ್ತಾಯಿತು.

"ಅಕ್ಕಾರ, ಭಾವಾರು ಫೋನ್ ಬಲಗಿವಿಗೆ ಹಿಡಿಯೂದ ಬಿಟ್ಟಾರ. ನೀವು ನೋಡಿಲ್ಲೇನ್ರಿ?" ಎಂದು ಕೇಳಿದಳು.

ನೋಡಿರಲಿಲ್ಲ. ಅದಕ್ಕೇ ಸಿಟ್ಟು ನೆತ್ತಿಗೇರಿತು. ಇಪ್ಪತ್ತು ವರ್ಷ ಟ್ರ್ಯಾಕ್ಟರಿನ ಹಿಂದೆ ಗೋವಿನಜೋಳ ಒಕ್ಕುವ ಮಷೀನು ಕಟ್ಟಿಕೊಂಡು ಅದರ ಅಬ್ಬರ ಕಿವಿಗೆ ಬಡಿಸಿಕೊಂಡು ಹಿರೇಕೆರೂರಿನವರೆಗೂ ಹೊಲ ಹೊಲ ಅಲೆದವರು ಅವರು. ಚಳಿಗಾಲದಲ್ಲೂ ಫ್ಯಾನ್ ಹಾಕಿಕೊಂಡು ಮಲಗುತ್ತಿದ್ದಾಗ ನಾನು, "ಮೈಗೇನ ಬೆಂಕಿ ಹತ್ತೇತೇನ್ರಿ?" ಎಂದು ಬೈದಿದ್ದೆ. ಫ್ಯಾನಿನ ಸದ್ದಿನಲ್ಲಿ ಕಿವಿಯ ಸದ್ದು ಕಡಿಮೆ ಅನ್ನಿಸುತ್ತದೆ ಎಂಬುದನ್ನು ಅವರ ಬಾಯಿಂದ ಹೊರಡಿಸಿದವಳೂ ಅವಳೇ.

ಹುಬ್ಬಳ್ಳಿಯ ಕಿವಿ ಡಾಕ್ಟರಿಗೆ ಫೋನ್ ಮಾಡಿ ತಾರೀಖು ತೆಗೆದುಕೊಂಡಳು. ಸದ್ದು ಯಾವಾಗ ಹೆಚ್ಚು, ಯಾವಾಗ ಕಡಿಮೆ, ತಲೆ ತಿರುಗುತ್ತದೆಯೇ, ಯಾವ ಗುಳಿಗೆ ನುಂಗಿದ್ದಾರೆ, ಎಲ್ಲ ಬರೆದು ತನ್ನಿ ಎಂದರಂತೆ. ನನ್ನ ತವರಿನಲ್ಲಿ ಭಾವನ ಎದುರು ಹೆಂಗಸರು ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಂತು ಮಾತಾಡುತ್ತಿದ್ದರು. ಇವಳು ಕಟ್ಟೆಯ ಮೇಲೆ ಅವರ ಎದುರಿಗೇ ನೋಟ್‌ಬುಕ್ಕು ಹಿಡಿದು ಕುಳಿತಳು. ನನ್ನ ಜೊತೆ ದಿನಕ್ಕೆ ನಾಲ್ಕು ಮಾತಾಡದ ಗಂಡಸು ಅವಳಿಗೆ ಗಂಟೆಗಟ್ಟಲೆ ಹೇಳಿದ್ದೇ ಹೇಳಿದ್ದು. ನಾನು ಸೊಪ್ಪು ಸೋಸುವ ನೆವದಲ್ಲಿ ಅಲ್ಲೇ ಕುಳಿತು ಹೊಟ್ಟೆ ಉರಿಸಿಕೊಂಡೆ.

ಡಾಕ್ಟರ ಕೋಣೆಯೊಳಗೆ ರೋಗಿಯ ಜೊತೆ ಒಬ್ಬರಿಗೇ ಪ್ರವೇಶವಂತೆ.

"ರಂಜನಾ ಬರ್ಲಿ. ಎಲ್ಲಾ ಬರ್ಕೊಂಡಾಳ ಅಕಿ," ಎಂದರು ಇವರು.

"ಮತ್ತ ನಾ?"

"ನೀನೂ ಬಾ. ಹೊರಗ ಕುಂದ್ರು."

ಹೆಂಡತಿ ಹೊರಗೆ, ನೆಗೆಣ್ಣಿ ಒಳಗೆ. ಅಂದು ನನಗೆ ಊಟ ಸೇರಲಿಲ್ಲ.

ಹೋಗುವ ಮುನ್ನಾದಿನ ಅವಳು ಅಡುಗೆಮನೆಗೆ ಬಂದು, "ಅಕ್ಕಾರ, ಕಿವಿಗೆ ಎಣ್ಣಿ ಗಿಣ್ಣಿ ಏನೂ ಹಾಕಬಾರದಂತ್ರಿ, ಡಾಕ್ಟರ್ ಹೇಳ್ಯಾರ," ಎಂದಳು. ನಾನು ಜಾಣಕಿವುಡು ತೋರಿ ಒಲೆಯ ಕಡೆ ತಿರುಗಿದೆ. ನಮ್ಮ ಮನೆಯಲ್ಲಿ ಯಾರ ಕಿವಿಗೆ ಏನಾದರೂ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯೇ ಮದ್ದು. ಅತ್ತೆ ಹಾಕುತ್ತಿದ್ದರು, ಅವರು ಹೋದ ಮೇಲೆ ಮಕ್ಕಳು ಮರಿಗೆಲ್ಲ ಹಾಕಿದವಳು ನಾನು. ನನಗೆ ಹೇಳಿಕೊಡಲು ಬಂದಳು, ನಿನ್ನೆ ಮೊನ್ನೆ ಬಂದವಳು!

ಸಂಜೆ ಎಣ್ಣೆ ಕಾಯಿಸಿ ಅವರನ್ನು ಕರೆದೆ. "ಬರ್ರಿ, ತೊಡಿ ಮ್ಯಾಲೆ ತಲಿ ಇಡ್ರಿ."

ಬಟ್ಟಲು ನೋಡಿದರು, ನನ್ನ ಮುಖ ನೋಡಿದರು. ತೊಡೆಯ ಮೇಲೆ ತಲೆಯಿಟ್ಟು ಮಲಗಿದರು. ಎರಡೂ ಕಿವಿ ತುಂಬ ಎಣ್ಣೆ ಬಿಟ್ಟು ಅರಳೆ ಇಟ್ಟೆ. ಬರೆಯುವವಳು ಬರೆಯಲಿ, ಈ ತಲೆ ಯಾರ ತೊಡೆಯ ಮೇಲಿದೆ? ಬಹಳ ದಿನದ ಮೇಲೆ ಮನಸ್ಸು ತಣ್ಣಗಾಯಿತು.

ಮರುದಿನ ಹುಬ್ಬಳ್ಳಿಯಲ್ಲಿ ಅವರಿಬ್ಬರೂ ಒಳಗೆ ಹೋದರು. ಐದು ನಿಮಿಷವಾಗಿರಲಿಲ್ಲ, ನರ್ಸು ಹೊರಗೆ ಬಂದು ಕೇಳಿದಳು: "ಪರಮೇಶ್ವರಪ್ಪ ಅವರ ಕಿವಿಗೆ ಎಣ್ಣಿ ಹಾಕಿದವರು ಯಾರ್ರಿ? ಡಾಕ್ಟರ್ ಕರ್ಯಾಕತ್ತಾರ."

ಒಳಗೆ ಹೋಗಬೇಕೆಂಬ ನನ್ನ ಆಸೆ ಹೀಗೆ ಈಡೇರಿತು. ಡಾಕ್ಟರು ಬೈಯಲಿಲ್ಲ. ಎಣ್ಣೆ ತುಂಬಿ ಒಳಗೆ ಏನೂ ಕಾಣುತ್ತಿಲ್ಲ, ಇವತ್ತು ಪರೀಕ್ಷೆ ಆಗುವುದಿಲ್ಲ, ಮೂರು ವಾರ ಬಿಟ್ಟು ಬನ್ನಿ ಎಂದರು. "ಹಾಕಬಾರದು ಅಂತ ನಿಮಗೆ ಹೇಳಿರಲಿಲ್ಲವೇ?" ಎಂದು ನನ್ನನ್ನು ಕೇಳಿದಾಗ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗತಿ ನನ್ನದು. ಸೆರಗಿನ ತುದಿಗೆ ಹತ್ತಿದ್ದ ಎಣ್ಣೆ ಮರೆಮಾಡಲು ಹೋದೆ.

ರಂಜನಾ ತಟ್ಟನೆ ಹೇಳಿದಳು: "ನೀವು ಹೇಳಿದ್ರಿ ಸರ. ನಾನ ಅಕ್ಕಾರಿಗೆ ಹೇಳೂದು ಮರ್ತೆ. ತಪ್ಪು ನಂದು."

ಸುಳ್ಳು ಹೇಳುವುದರಲ್ಲೂ ಅವಳು ನನಗಿಂತ ಮೇಲಾದಳು. ಆ ಗಳಿಗೆಯಲ್ಲಿ ನನಗೆ ಬಂದದ್ದು ನಾಚಿಕೆಯಲ್ಲ, ಇನ್ನೊಂದಿಷ್ಟು ಹೊಟ್ಟೆಕಿಚ್ಚೇ.

ಅವಳು ಹೊಸ ತಾರೀಖು ಬರೆಸಲು ಹೋದಾಗ ನಾವಿಬ್ಬರೂ ಬೆಂಚಿನ ಮೇಲೆ ಕುಳಿತೆವು.

"ಎಣ್ಣಿ ಹಾಕಬಾರ್ದು ಅಂತ ನಿಮಗ ಗೊತ್ತಿತ್ತೇನ್ರಿ?" ಎಂದು ಕೇಳಿದೆ.

"ಗೊತ್ತಿತ್ತು."

"ಮತ್ಯಾಕ ಸುಮ್ನ ಮಲ್ಕೊಂಡ್ರಿ?"

"ಬ್ಯಾಡ ಅಂದಿದ್ರ, ಅಕಿ ಮಾತ ಮ್ಯಾಲಾತು ಅಂತ ನೀ ಉಣ್ಣೂದ ಬಿಡ್ತಿದ್ದಿ. ಆರು ತಿಂಗಳು ಕೇಳೇನಿ. ಇನ್ನ ಮೂರು ವಾರ ಕೇಳ್ತೇನಿ ಬಿಡು."

ಸಿಟ್ಟಿನಿಂದ ಹೇಳಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಅವರು ಮಾತ್ರ ಬಸ್ಸಿನ ಹೊತ್ತು ಹೇಳುವಷ್ಟು ಸಹಜವಾಗಿ ಹೇಳಿ ಬಲಗಿವಿಯನ್ನು ಅಂಗೈಯಲ್ಲಿ ಒತ್ತಿಕೊಂಡರು. ಒತ್ತಿದರೆ ಹೋಗುವ ಸದ್ದಲ್ಲ ಅದು ಎಂದು ಈಗ ನನಗೂ ಗೊತ್ತು.

ರಂಜನಾ ಚೀಟಿ ಹಿಡಿದು ಬಂದಳು. "ಮುಂದಿನ ಸರ್ತಿ ಒಳಗ ನೀವ ಹೋಗ್ರಿ ಅಕ್ಕಾರ."

ನಾನು ಕಾಯುತ್ತಿದ್ದ ಮಾತು ಅದೇ. ಅವರ ಕೈ ಇನ್ನೂ ಕಿವಿಯ ಮೇಲಿತ್ತು.

"ಬ್ಯಾಡವಾ. ನೀನ ಹೋಗು. ಅವರಿಗೇನ ಆಗೇತಿ ಅನ್ನೂದು ನಿನಗ ಗೊತ್ತೈತಿ," ಎಂದೆ.

ಹೇಳುವಾಗ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.